ಎರಡು ಎಚ್‌ಬಿಎ ಎಂದು ಬರೆದಿದ್ದ ಒಂದೇ ಕಾರ್ಡು: ಸ್ಟೋರೇಜ್ ಜಾಲದ ಪದಗಳ ಒಂದು ಪ್ರಕರಣ ಅಧ್ಯಯನ

ಶನಿವಾರ ಸಂಜೆ ಏಳೂ ನಲವತ್ತಕ್ಕೆ ಫೋನ್ ಬಂತು. "ಸರ್, ಕಂಟ್ರೋಲರ್ ಹೋಗೈತೆ. ಡೇಟಾಬೇಸ್ ನಿಂತೈತೆ."

ದಾವಣಗೆರೆ ಕಡೆಯ ಒಂದು ಸಹಕಾರಿ ಸಂಸ್ಥೆ ಅದು. ಠೇವಣಿ, ಬೆಳೆಸಾಲ, ಚಿನ್ನದ ಸಾಲ ಎಲ್ಲದರ ಲೆಕ್ಕವೂ ಒಂದೇ ಡೇಟಾಬೇಸಿನಲ್ಲಿದೆ. ಸೋಮವಾರ ಬೆಳಗ್ಗೆ ಹತ್ತಕ್ಕೆ ಕೌಂಟರ್ ತೆರೆದಾಗ ಲೆಕ್ಕ ಸಿಗದಿದ್ದರೆ ಸಾಲಿನಲ್ಲಿ ನಿಂತವರಿಗೆ ಹೇಳಲು ಉತ್ತರವಿಲ್ಲ. ಅಲ್ಲಿನ ಯಂತ್ರಗಳ ಹೊಣೆ ಹೊತ್ತ ಹುಡುಗ ಚುರುಕು, ಕೈಕೆಲಸ ಅಚ್ಚುಕಟ್ಟು. ನಾನು ಬೆಂಗಳೂರಿನಲ್ಲಿ ಕೂತು ಅವರ ಸ್ಟೋರೇಜ್ ನೋಡಿಕೊಳ್ಳುವವನು. ಆ ಫೋನಿನಿಂದ ಡೇಟಾಬೇಸ್ ಮತ್ತೆ ಎದ್ದು ನಿಲ್ಲುವವರೆಗೆ ಸುಮಾರು ಇಪ್ಪತ್ತೊಂದು ಗಂಟೆ ಹಿಡಿಯಿತು.

ಕೆಟ್ಟದ್ದು ಒಂದೇ ಒಂದು ಕಾರ್ಡು. ಬಿಚ್ಚಿ ಹೊಸದು ಹಾಕಲು ಬೇಕಿದ್ದದ್ದು ಅರ್ಧ ಗಂಟೆ. ಉಳಿದ ಹೊತ್ತು ಎಲ್ಲಿ ಹೋಯಿತೆಂದು ಆಮೇಲೆ ಕೂತು ಬರೆದಾಗ ಪ್ರತಿ ತಡೆಯ ಹಿಂದೆಯೂ ಒಂದೊಂದು ಪದ ಸಿಕ್ಕಿತು. ಕಂಟ್ರೋಲರ್, ಎಚ್‌ಬಿಎ, ಫೈಬರ್, 8 ಜಿ, ಡಬ್ಲ್ಯುಡಬ್ಲ್ಯುಎನ್. ದಿನವೂ ಬಾಯಲ್ಲಿ ಆಡುವ ಪದಗಳೇ. ಒಬ್ಬರು ಒಂದು ಅರ್ಥದಲ್ಲಿ ಹೇಳಿದ್ದನ್ನು ಇನ್ನೊಬ್ಬರು ಬೇರೆ ಅರ್ಥದಲ್ಲಿ ಕೇಳಿಸಿಕೊಂಡಿದ್ದೆವು. ಈ ಕೆಲಸಕ್ಕೆ ಹೊಸದಾಗಿ ಬರುವವರ ಕೈಗೆ ಪದಗಳ ಪಟ್ಟಿ ಕೊಡುವುದಕ್ಕಿಂತ, ಆ ಪದಗಳು ನಮ್ಮನ್ನು ಎಡವಿಸಿದ ಜಾಗಗಳನ್ನು ತೋರಿಸುವುದು ಹೆಚ್ಚು ಉಪಯೋಗ ಅನ್ನಿಸಿ ಇಡೀ ಪ್ರಕರಣವನ್ನು ಬರೆಯುತ್ತಿದ್ದೇನೆ.

ಕೋಣೆ ಹೀಗಿದೆ. ಒಂದೇ ರ‍್ಯಾಕ್. ಅದರಲ್ಲಿ ಡೇಟಾಬೇಸ್ ಸರ್ವರ್, ಕೆಳಗೆ ಬ್ಯಾಕಪ್ ಸರ್ವರ್, 24 ಪೋರ್ಟಿನ ಎರಡು ಫೈಬರ್ ಚಾನೆಲ್ ಸ್ವಿಚ್, ತಳದಲ್ಲಿ ಸ್ಟೋರೇಜ್ ಪೆಟ್ಟಿಗೆ. ಡೇಟಾಬೇಸಿನ ಡಿಸ್ಕುಗಳು ಸರ್ವರಿನ ಹೊಟ್ಟೆಯಲ್ಲಿಲ್ಲ, ಸ್ಟೋರೇಜ್ ಪೆಟ್ಟಿಗೆಯಲ್ಲಿವೆ. ಪೆಟ್ಟಿಗೆ ತನ್ನಲ್ಲಿರುವ ಡಿಸ್ಕುಗಳನ್ನೆಲ್ಲ ಒಟ್ಟುಗೂಡಿಸಿ, ಪಾಲು ಮಾಡಿ ಸರ್ವರಿಗೆ ಕೊಡುತ್ತದೆ. ಆ ಒಂದೊಂದು ಪಾಲಿಗೆ ಲನ್ ಎನ್ನುತ್ತಾರೆ. ಲಾಜಿಕಲ್ ಯೂನಿಟ್ ನಂಬರ್ ಎಂಬುದು ಬಿಡಿಸಿದ ರೂಪ. ಹೆಸರಿನಲ್ಲಿ ಅದು ಬರೀ ಸಂಖ್ಯೆ, ಬಳಕೆಯಲ್ಲಿ ಡಿಸ್ಕಿನ ಪಾಲೇ ಲನ್. ಸರ್ವರು ಮತ್ತು ಸ್ಟೋರೇಜಿನ ನಡುವೆ ಇರುವ ಈ ಪ್ರತ್ಯೇಕ ಜಾಲ ಸ್ಯಾನ್, ಅಂದರೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್. ಇಲ್ಲಿ ಅದರೊಳಗೆ ಮಾತು ಸಾಗುವ ಕ್ರಮ ಫೈಬರ್ ಚಾನೆಲ್, ಚಿಕ್ಕದಾಗಿ ಎಫ್‌ಸಿ. ಎರಡು ಸ್ವಿಚ್‌ಗಳ ನಡುವೆ ಕೇಬಲ್ ಇಲ್ಲ, ಬೇಕೆಂದೇ ಹಾಕಿಲ್ಲ. ಒಂದೊಂದೂ ಬೇರೆ ಫ್ಯಾಬ್ರಿಕ್, ಅಂದರೆ ತನ್ನಷ್ಟಕ್ಕೆ ತಾನೇ ಒಂದು ಜಾಲ. ಒಂದರಲ್ಲಿ ಯಾರಾದರೂ ತಪ್ಪು ಮಾಡಿದರೆ ಇನ್ನೊಂದಕ್ಕೆ ತಾಗಬಾರದು.

ಕಂಟ್ರೋಲರ್ ಎಂದರೆ ಯಾವುದು

ಸ್ಟೋರೇಜ್ ಕೆಲಸದವರ ಕಿವಿಗೆ ಕಂಟ್ರೋಲರ್ ಎಂಬ ಪದ ಬಿದ್ದರೆ ಮನಸ್ಸಿಗೆ ಬರುವುದು ಸ್ಟೋರೇಜ್ ಪೆಟ್ಟಿಗೆಯ ಮಿದುಳು. ಈ ಪೆಟ್ಟಿಗೆಯಲ್ಲಿ ಅಂಥವು ಎರಡಿದ್ದವು. ನಾನು ವಿಪಿಎನ್ ಮೂಲಕ ಒಳಹೊಕ್ಕು ನೋಡಿದರೆ ಎರಡೂ ಹಸಿರು. ಲಾಗ್ ತೆಗೆದು ಓದಿದೆ, ಬ್ಯಾಟರಿ ನೋಡಿದೆ, ಡಿಸ್ಕ್ ಗುಂಪು ನೋಡಿದೆ. ನಲವತ್ತು ನಿಮಿಷ ಅಲ್ಲೇ ಕಳೆದೆ. ಕೊನೆಗೆ "ನಿಮಗೆ ಎಲ್ಲಿ ಕಾಣ್ತಿದೆ ಆ ಪದ?" ಎಂದು ಕೇಳಿದಾಗ ಅವನು ಸರ್ವರಿನ ಹಾರ್ಡ್‌ವೇರ್ ಲಾಗಿನ ಚಿತ್ರ ಕಳಿಸಿದ. ಅದರಲ್ಲಿ ಸರ್ವರಿನ ಒಂದು ಪಿಸಿಐ ಸ್ಲಾಟಿನ ಫೈಬರ್ ಚಾನೆಲ್ ಕಂಟ್ರೋಲರ್ ಕೆಟ್ಟಿದೆ ಎಂದಿತ್ತು. ಅವನು ಪರದೆಯ ಮೇಲೆ ಇದ್ದದ್ದನ್ನೇ ಓದಿ ಹೇಳಿದ್ದ.

ಸರ್ವರ್ ಕಡೆಯವರ ಬಾಯಲ್ಲಿ ಕಂಟ್ರೋಲರ್ ಎಂದರೆ ಸರ್ವರಿನೊಳಗಿನ ಕಾರ್ಡು. ಅದು ಒಳಗಿನ ಡಿಸ್ಕುಗಳನ್ನು ಒಟ್ಟುಗೂಡಿಸುವ ರೇಡ್ ಕಾರ್ಡಾಗಬಹುದು, ಹೊರಗಿನ ಸ್ಟೋರೇಜಿಗೆ ಹೋಗುವ ಕಾರ್ಡಾಗಬಹುದು. ಅಂದಿನಿಂದ ನಮ್ಮಿಬ್ಬರ ನಡುವೆ ಬರಿಯ ಕಂಟ್ರೋಲರ್ ಎಂಬ ಮಾತು ನಿಂತುಹೋಗಿದೆ. "ಸ್ಟೋರೇಜ್ ಕಂಟ್ರೋಲರ್ ಎ" ಅನ್ನುತ್ತೇವೆ, ಇಲ್ಲವೇ "ಸರ್ವರಿನ ಎಫ್‌ಸಿ ಕಾರ್ಡ್" ಅನ್ನುತ್ತೇವೆ.

ಇಷ್ಟು ತಿಳಿದ ಮೇಲೆ ನಾನು ಸ್ವಲ್ಪ ನಿರಾಳನಾದೆ. ಅವರ ದಾಖಲೆಯಲ್ಲಿ ಸರ್ವರಿಗೆ ಎರಡು ಎಚ್‌ಬಿಎ ಎಂದು ಬರೆದಿತ್ತು. ಅಲ್ಲಿನ ವ್ಯವಸ್ಥಾಪಕಿಯೂ ಅದೇ ಕೇಳಿದರು: "ಎರಡಿವೆಯಲ್ಲ ಸರ್, ಒಂದು ಹೋದರೆ ಇನ್ನೊಂದು ನಡೆಯಬೇಕಲ್ಲವೇ? ಅದಕ್ಕೇ ಅಲ್ಲವೇ ಅಷ್ಟು ದುಡ್ಡು ಕೊಟ್ಟಿದ್ದು?" ನ್ಯಾಯವಾದ ಪ್ರಶ್ನೆ. ಒಂದು ಹೋದರೆ ಇನ್ನೊಂದು ನಡೆಯಲೇಬೇಕಿತ್ತು.

ಹುಡುಗ ಸರ್ವರಿನ ಹಿಂಬದಿಯ ಫೋಟೊ ಕಳಿಸಿದಾಗ ಉತ್ತರ ಕಂಡಿತು. ಅಲ್ಲಿ ಇದ್ದದ್ದು ಒಂದೇ ಕಾರ್ಡು, ಅದಕ್ಕೆ ಎರಡು ಪೋರ್ಟು. ಎಚ್‌ಬಿಎ ಎಂದರೆ ಹೋಸ್ಟ್ ಬಸ್ ಅಡಾಪ್ಟರ್. ಹೋಸ್ಟ್ ಎಂದರೆ ಸರ್ವರು, ಬಸ್ ಎಂದರೆ ಅದರೊಳಗಿನ ಪಿಸಿಐ ದಾರಿ, ಆ ದಾರಿಯನ್ನು ಹೊರಗಿನ ಸ್ಟೋರೇಜಿನ ದಾರಿಗೆ ಹೊಂದಿಸುವುದು ಅಡಾಪ್ಟರ್. ಲೆಕ್ಕಕ್ಕೆ ಕಾರ್ಡು ಒಂದು ಎಚ್‌ಬಿಎ, ಪೋರ್ಟು ಎಷ್ಟಾದರೂ ಇರಲಿ. ಆದರೆ ವರ್ಷಗಳ ಹಿಂದೆ ಯಾರೋ ಎಡ ಸ್ವಿಚ್ಚಿನಲ್ಲಿ ಒಂದು ಪೋರ್ಟಿಗೆ "ಎಚ್‌ಬಿಎ1" ಎಂದೂ ಬಲ ಸ್ವಿಚ್ಚಿನಲ್ಲಿ ಇನ್ನೊಂದು ಪೋರ್ಟಿಗೆ "ಎಚ್‌ಬಿಎ2" ಎಂದೂ ಹೆಸರಿಟ್ಟಿದ್ದರು. ಆ ಹೆಸರು ಸ್ವಿಚ್ಚಿನಿಂದ ದಾಖಲೆಗೆ ಬಂತು, ದಾಖಲೆಯಿಂದ ಆಡಿಟ್ ವರದಿಗೆ ಹೋಯಿತು, ಅಲ್ಲಿಂದ ವ್ಯವಸ್ಥಾಪಕಿಯ ನಂಬಿಕೆಗೆ ಸೇರಿತು. ಪೋರ್ಟನ್ನು ಕಾರ್ಡು ಎಂದು ಕರೆದ ಒಂದು ಹೆಸರು ಇಲ್ಲದ ಕಾರ್ಡೊಂದನ್ನು ಕಾಗದದ ಮೇಲೆ ಹುಟ್ಟಿಸಿತ್ತು.

ಲಿನಕ್ಸ್ ಕೂಡ ಈ ಗೊಂದಲಕ್ಕೆ ನೆರವಾಗುತ್ತದೆ. ಕಾರ್ಡಿನ ಪ್ರತಿ ಪೋರ್ಟನ್ನೂ ಅದು ಬೇರೆ ಬೇರೆ "ಹೋಸ್ಟ್" ಎಂದು ಪಟ್ಟಿ ಮಾಡುತ್ತದೆ, ಹೋಸ್ಟ್ 6, ಹೋಸ್ಟ್ 7 ಎಂದು. ಪಟ್ಟಿ ನೋಡಿದವರಿಗೆ ಎರಡು ಕಾರ್ಡಿದ್ದಂತೆಯೇ ಕಾಣುತ್ತದೆ. ನಿಜ ತಿಳಿಯಲು ಪಿಸಿಐ ವಿಳಾಸ ನೋಡಬೇಕು. 05:00.0 ಮತ್ತು 05:00.1 ಎಂದಿದ್ದರೆ ಚುಕ್ಕೆಯ ಹಿಂದಿನ ಭಾಗ ಒಂದೇ, ಅಂದರೆ ಕಾರ್ಡು ಒಂದೇ. ಚುಕ್ಕೆಯ ಮುಂದಿನ ಅಂಕಿ ಅದರೊಳಗಿನ ಪೋರ್ಟಿನದು. ಸರ್ವರ್ ತೆರೆಯದೆಯೇ, ಊರಿಗೆ ಹೋಗದೆಯೇ ಅರ್ಧ ನಿಮಿಷದಲ್ಲಿ ನೋಡಬಹುದಾದ ಸಂಗತಿ. ಅಷ್ಟು ವರ್ಷ ನಾನೂ ನೋಡಿರಲಿಲ್ಲ.

ಬ್ಯಾಕಪ್ ಸರ್ವರಿನ ಕಾರ್ಡನ್ನು ಕಿತ್ತು ಇಲ್ಲಿಗೆ ಹಾಕೋಣವೇ ಎಂದು ಹುಡುಗ ಕೇಳಿದ. ಒಳ್ಳೆಯ ಯೋಚನೆಯೇ. ಆದರೆ ಒಂದು ಕಡೆ ಡೇಟಾಬೇಸ್ ನಿಂತಿರುವಾಗ ಅದರ ನಕಲು ಹಿಡಿದು ಕೂತಿರುವ ಯಂತ್ರವನ್ನೂ ಬಿಚ್ಚಲು ನನಗೆ ಧೈರ್ಯ ಬರಲಿಲ್ಲ. ಭಾನುವಾರ ಸಂಜೆ ಆರರವರೆಗೆ ಬೇರೆ ದಾರಿ ಸಿಗದಿದ್ದರೆ ಹಾಗೆ ಮಾಡೋಣ ಎಂದು ನಿಶ್ಚಯಿಸಿ ಹೊಸ ಕಾರ್ಡಿಗೆ ಹೇಳಿದೆ.

ತಪ್ಪಾಗಿ ತರಿಸಿದ ಕಾರ್ಡು

ಎಸ್.ಪಿ. ರಸ್ತೆಯ ಹತ್ತಿರ ಸರ್ವರ್ ಬಿಡಿಭಾಗ ಮಾರುವ ಪರಿಚಯಸ್ಥರೊಬ್ಬರಿದ್ದಾರೆ. ರಾತ್ರಿ ಒಂಬತ್ತಕ್ಕೆ ಅವರಿಗೆ ನಾನು ಕಳಿಸಿದ ಸಂದೇಶ ಇದು: "ಎಚ್‌ಬಿಎ 1, ಡ್ಯುಯಲ್ ಪೋರ್ಟ್, ಪಿಸಿಐಇ. ಬ್ರಾಡ್‌ಕಾಮ್ ಆದರೂ ಸರಿ, ಮಾರ್ವೆಲ್ ಆದರೂ ಸರಿ. ಇವತ್ತೇ ರಾತ್ರಿ ಬಸ್ಸಿಗೆ ಹಾಕಿ." ಅವರು ಪಾಪ ಅಂಗಡಿ ಮತ್ತೆ ತೆಗೆಸಿ ಬಸ್ಸಿಗೆ ಹಾಕಿದರು. ಬೆಳಗಿನ ಜಾವ ಐದಕ್ಕೆ ಹುಡುಗನ ಫೋನು: "ಸರ್, ಕಾರ್ಡ್ ಬಂದೈತೆ. ಆದ್ರೆ ಕೇಬಲ್ ತೂರ್ತಿಲ್ಲ."

ಬಂದದ್ದು ಸ್ಯಾಸ್ ಎಚ್‌ಬಿಎ. ಅದೂ ಎಚ್‌ಬಿಎಯೇ, ಅದಕ್ಕೂ ಹೊರಗೆ ಎರಡು ಪೋರ್ಟು, ಅದೂ ಬ್ರಾಡ್‌ಕಾಮ್. ನಾನು ಬರೆದ ಒಂದು ಮಾತನ್ನೂ ಅದು ಮೀರಿರಲಿಲ್ಲ. ಸ್ಯಾಸ್ ಎಂಬುದು ಸರ್ವರಿಗೆ ನೇರವಾಗಿ ಡಿಸ್ಕ್ ಪೆಟ್ಟಿಗೆ ಜೋಡಿಸುವ ಕ್ರಮ. ಅದರ ಹೊರಗಿನ ಪೋರ್ಟು ಅಗಲವಾದ ಲೋಹದ ಬಾಯಿ, ಎಸ್‌ಎಫ್‌ಎಫ್ 8644 ಎಂಬ ಅಳತೆಯದು, ಸಾಮಾನ್ಯವಾಗಿ ದಪ್ಪ ತಾಮ್ರದ ಕೇಬಲ್ ಹೋಗುತ್ತದೆ. ಫೈಬರ್ ಚಾನೆಲ್ ಕಾರ್ಡಿನಲ್ಲಿ, ಸಂಕೇತವನ್ನು ಬೆಳಕಾಗಿಸುವ ಎಸ್‌ಎಫ್‌ಪಿ ಎಂಬ ಪುಟ್ಟ ತುಂಡು ಕೂರುವ ಸಣ್ಣ ಚೌಕ ಗೂಡು ಇರುತ್ತದೆ, ಅದಕ್ಕೆ ಎಲ್‌ಸಿ ತುದಿಯ ಜೋಡಿ ಗಾಜಿನ ಎಳೆ ಹೋಗುತ್ತದೆ. ಎರಡರ ನಡುವೆ ಯಾವ ನಂಟೂ ಇಲ್ಲ.

ಕಂಪನಿಗಳ ಹೆಸರು ಬದಲಾಗಿರುವುದು ಇಲ್ಲಿ ಇನ್ನಷ್ಟು ತೊಡಕು ತರುತ್ತದೆ. ಹಳಬರಿಗೆ ಫೈಬರ್ ಚಾನೆಲ್ ಕಾರ್ಡು ಎಂದರೆ ಎರಡೇ ಹೆಸರು, ಎಮ್ಯುಲೆಕ್ಸ್ ಮತ್ತು ಕ್ಯೂಲಾಜಿಕ್. ಎಮ್ಯುಲೆಕ್ಸನ್ನು 2015ರಲ್ಲಿ ಅವಾಗೊ ಕೊಂಡಿತು, ಅವಾಗೊ 2016ರಲ್ಲಿ ಬ್ರಾಡ್‌ಕಾಮನ್ನು ಕೊಂಡು ಅದರ ಹೆಸರನ್ನೇ ತಾನು ಇಟ್ಟುಕೊಂಡಿತು. ಕ್ಯೂಲಾಜಿಕ್ 2016ರಲ್ಲಿ ಕೇವಿಯಂಗೆ ಹೋಯಿತು, ಕೇವಿಯಂ 2018ರಲ್ಲಿ ಮಾರ್ವೆಲ್‌ಗೆ. ಸ್ವಿಚ್ ಮಾಡುವ ಬ್ರೊಕೇಡ್ 2017ರಲ್ಲಿ ಬ್ರಾಡ್‌ಕಾಮ್ ತೆಕ್ಕೆಗೆ ಬಂತು. ಆದರೆ ಸ್ಯಾಸ್ ಕಾರ್ಡುಗಳಿಗೆ ಹೆಸರಾಗಿದ್ದ ಎಲ್‌ಎಸ್‌ಐಯನ್ನೂ ಅದೇ ಅವಾಗೊ 2014ರಲ್ಲಿ ಕೊಂಡಿತ್ತು. ಹಾಗಾಗಿ "ಬ್ರಾಡ್‌ಕಾಮ್ ಎಚ್‌ಬಿಎ" ಎಂದರೆ ಎಮ್ಯುಲೆಕ್ಸ್ ಮನೆತನದ ಫೈಬರ್ ಚಾನೆಲ್ ಕಾರ್ಡೂ ಹೌದು, ಎಲ್‌ಎಸ್‌ಐ ಮನೆತನದ ಸ್ಯಾಸ್ ಕಾರ್ಡೂ ಹೌದು. ಮಾರುವವರು ಕಪಾಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಕಳಿಸಿದರು. ತಪ್ಪು ನನ್ನ ಸಂದೇಶದ್ದು.

ಹಾಗಾದರೆ "ಫೈಬರ್ ಕಾರ್ಡ್" ಎಂದು ಬರೆದಿದ್ದರೆ ಸರಿಹೋಗುತ್ತಿತ್ತೇ? ಇಲ್ಲ. ಅದಕ್ಕೇ ಆ ಮಾತನ್ನು ಬಿಟ್ಟು ಎಚ್‌ಬಿಎ ಎಂದು ಬರೆದಿದ್ದೆ. 10 ಜಿ, ಅಂದರೆ ಸೆಕೆಂಡಿಗೆ 10 ಗಿಗಾಬಿಟ್ ವೇಗದ ಈಥರ್ನೆಟ್ ಕಾರ್ಡಿನಲ್ಲೂ ಎಸ್‌ಎಫ್‌ಪಿ ಗೂಡು ಇರುತ್ತದೆ, ಅದಕ್ಕೂ ಅದೇ ಎಲ್‌ಸಿ ಕೇಬಲ್ ಕೂರುತ್ತದೆ, ದೂರದಿಂದ ನೋಡಿದರೆ ಅವಳಿಜವಳಿ. ಅದು ನಿಕ್, ಊರಿನ ಸಾಮಾನ್ಯ ಜಾಲದ ಕಾರ್ಡು. ಫೈಬರ್ ಚಾನೆಲ್ ಸ್ವಿಚ್ಚಿನ ಮುಂದೆ ಅದು ಮೂಕ. ಎರಡೂ ಕೆಲಸ ಮಾಡುವ ಮೂರನೆಯ ಜಾತಿಯೊಂದಿದೆ, ಸಿಎನ್‌ಎ ಅಂತ. ಅದು ಫೈಬರ್ ಚಾನೆಲ್ಲಿನ ಮಾತನ್ನು ಈಥರ್ನೆಟ್ಟಿನೊಳಗೆ ತುಂಬಿ ಕಳಿಸುತ್ತದೆ, ಅದಕ್ಕೆ ತಕ್ಕ ಸ್ವಿಚ್ಚೇ ಬೇರೆ.

ಇನ್ನೊಂದು ಸೂಕ್ಷ್ಮವಿದೆ. 1994ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿ ಒಪ್ಪಿದ ಫೈಬರ್ ಚಾನೆಲ್ ಕ್ರಮ ತಾಮ್ರದ ತಂತಿಯ ಮೇಲೂ ನಡೆಯುವಂಥದ್ದು. ಗಾಜಿನ ಎಳೆಗೆ ಮಾತ್ರ ಸೇರಿದ್ದೆಂದು ಯಾರೂ ತಿಳಿಯಬಾರದೆಂದು ಅಮೆರಿಕದವರು ತಮ್ಮ ಕಾಗುಣಿತ (fiber) ಬಿಟ್ಟು ಬ್ರಿಟಿಷ್ ಕಾಗುಣಿತದಲ್ಲಿ (fibre) ಫೈಬರ್ ಪದವನ್ನು ಬರೆದರು. ಕನ್ನಡದಲ್ಲಿ ಬರೆದರೆ ಆ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಮೇಲಾಗಿ ಈಗ ಊರಲ್ಲಿ ಫೈಬರ್ ಎಂದರೆ ಮನೆಯ ಇಂಟರ್ನೆಟ್. ಆದ್ದರಿಂದ ನಾವು ಬರೆಯುವಾಗ "ಫೈಬರ್ ಚಾನೆಲ್" ಎಂದು ಎರಡೂ ಪದ ಬರೆಯಬೇಕು, ಇಲ್ಲವೇ "ಎಫ್‌ಸಿ" ಎನ್ನಬೇಕು. ಅರ್ಧಕ್ಕೆ ನಿಲ್ಲಿಸಬಾರದು.

ಭಾನುವಾರ ಬೆಳಗ್ಗೆ ಆರಕ್ಕೆ ಎರಡನೆಯ ಸಂದೇಶ ಹೋಯಿತು. "ಎಫ್‌ಸಿ ಎಚ್‌ಬಿಎ, ಎರಡು ಪೋರ್ಟು, ಎಸ್‌ಎಫ್‌ಪಿ ಸಮೇತ, ಶಾರ್ಟ್‌ವೇವ್, ಎಲ್‌ಸಿ, ಪೂರ್ಣ ಎತ್ತರದ ಬ್ರ್ಯಾಕೆಟ್." ಅವರ ಬಳಿ ಹಳೆಯ 8 ಜಿ ಕಾರ್ಡು ಇರಲಿಲ್ಲ. ಕ್ಯೂಲಾಜಿಕ್ ಹೆಸರಿನ, ಮಾರ್ವೆಲ್ ಮಾರುವ 32 ಜಿ ಕಾರ್ಡು ಇತ್ತು. ಫೈಬರ್ ಚಾನೆಲ್ಲಿನಲ್ಲಿ ಹೊಸದು ತನ್ನ ಹಿಂದಿನ ಎರಡು ತಲೆಮಾರಿನೊಂದಿಗೆ ಮಾತಾಡುತ್ತದೆ. 32 ಜಿ ಆದರೆ 16ಕ್ಕೂ 8ಕ್ಕೂ ಇಳಿಯುತ್ತದೆ. ಸ್ವಿಚ್ 8 ಜಿ. ಲೆಕ್ಕ ಸರಿಹೋಯಿತು ಎಂದು ಒಪ್ಪಿಕೊಂಡು, ಕಾರಿನಲ್ಲೇ ಕಳಿಸಿಕೊಟ್ಟೆ. ಹನ್ನೊಂದೂವರೆಗೆ ಕಾರ್ಡು ಸರ್ವರಿನಲ್ಲಿತ್ತು.

ಬೆಳಕಿದೆ, ಮಾತಿಲ್ಲ

ಸ್ವಿಚ್ಚಿನ ಪಟ್ಟಿಯಲ್ಲಿ ಆ ಪೋರ್ಟಿನ ಎದುರು "ನೋ ಸಿಂಕ್" ಎಂದು ಬಂತು. ಇದು "ನೋ ಲೈಟ್" ಅಲ್ಲ ಎಂಬುದನ್ನು ಗಮನಿಸಬೇಕು. ನೋ ಲೈಟ್ ಎಂದರೆ ಎದುರಿನಿಂದ ಬೆಳಕೇ ಬರುತ್ತಿಲ್ಲ. ಕೇಬಲ್ ಕೂತಿಲ್ಲ, ಎಳೆ ಅದಲುಬದಲಾಗಿದೆ, ಅಥವಾ ಎಸ್‌ಎಫ್‌ಪಿ ಸತ್ತಿದೆ. ನೋ ಸಿಂಕ್ ಎಂದರೆ ಬೆಳಕು ಬರುತ್ತಿದೆ, ಆದರೆ ಅದರ ಲಯ ಹಿಡಿಯಲು ಆಗುತ್ತಿಲ್ಲ. ಹುಡುಗ ಕೇಬಲ್ ಬದಲಿಸಲು ಹೊರಟಿದ್ದ, ನಾನು ತಡೆದೆ. ಬೆಳಕು ತಲುಪುತ್ತಿರುವಾಗ ಮೊದಲು ನೋಡಬೇಕಾದದ್ದು ವೇಗ.

ಸ್ವಿಚ್ಚಿನಿಂದ ಎಸ್‌ಎಫ್‌ಪಿ ವಿವರ ತೆಗೆದೆ. ಸ್ವಿಚ್ 8 ಜಿ ಆಗಿದ್ದರೂ ಸರ್ವರ್ ಕಡೆಯ ಪೋರ್ಟುಗಳಲ್ಲಿ ಕೂತಿದ್ದದ್ದು 4 ಜಿ ಎಸ್‌ಎಫ್‌ಪಿ. ಅದು 4, 2, 1 ಈ ಮೂರೇ ವೇಗ ಬಲ್ಲದು. ಹೊಸ ಕಾರ್ಡು 32, 16, 8 ಬಲ್ಲದು. ಇಬ್ಬರಿಗೂ ಗೊತ್ತಿರುವ ಭಾಷೆ ಒಂದೂ ಇಲ್ಲ. ಸತ್ತುಹೋದ 8 ಜಿ ಕಾರ್ಡು 4ಕ್ಕೂ ಇಳಿಯುತ್ತಿದ್ದರಿಂದ ಅಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ದಾಖಲೆಯಲ್ಲಿ "8 ಜಿ ಫ್ಯಾಬ್ರಿಕ್" ಎಂದಿದ್ದ ಜಾಲದಲ್ಲಿ ಡೇಟಾಬೇಸ್ ಓಡುತ್ತಿದ್ದದ್ದು 4 ಜಿಯಲ್ಲಿ.

ಈ ತಪ್ಪು ಕಲ್ಪನೆಯನ್ನು ನಾನು ಹಲವು ಕಡೆ ನೋಡಿದ್ದೇನೆ, ಅದಕ್ಕೇ ಸ್ವಲ್ಪ ನಿಂತು ಹೇಳಬೇಕು. ಎಸ್‌ಎಫ್‌ಪಿ ಸ್ವಿಚ್ಚಿನ ಅಂಗವಲ್ಲ, ಸ್ವಿಚ್ಚಿನ ಗೂಡಿನಲ್ಲಿ ಕೂತು ವಿದ್ಯುತ್ ಸಂಕೇತವನ್ನು ಬೆಳಕಾಗಿಸುವ, ಬೆಳಕನ್ನು ಮತ್ತೆ ವಿದ್ಯುತ್ತಾಗಿಸುವ ಬೇರೆಯೇ ಯಂತ್ರ. ಅದಕ್ಕೆ ತನ್ನದೇ ವೇಗ, ತನ್ನದೇ ತರಂಗ, ತನ್ನದೇ ಆಯಸ್ಸು. ಶಾರ್ಟ್‌ವೇವ್ ಎಂದರೆ 850 ನ್ಯಾನೋಮೀಟರ್ ಬೆಳಕು, ಒಂದೇ ಕೋಣೆಯ, ಒಂದೇ ಕಟ್ಟಡದ ದೂರಕ್ಕೆ. ಲಾಂಗ್‌ವೇವ್ ಎಂದರೆ 1310, ಸಣ್ಣ ತಿರುಳಿನ ಹಳದಿ ಕೇಬಲ್ಲಿನಲ್ಲಿ ಹತ್ತು ಕಿಲೋಮೀಟರಿನವರೆಗೆ ಹೋಗುತ್ತದೆ. ಅದರ ಹಿಡಿಕೆ ಸಾಮಾನ್ಯವಾಗಿ ನೀಲಿ. ಎರಡು ತುದಿಯಲ್ಲಿ ಒಂದು ಶಾರ್ಟ್, ಒಂದು ಲಾಂಗ್ ಇದ್ದರೆ ನಡೆಯದು. ಕೇಬಲ್ಲಿಗೂ ದರ್ಜೆ ಇದೆ. ಕಿತ್ತಳೆ ಬಣ್ಣದ ಓಎಂ2 ಕೇಬಲ್ 8 ಜಿಯನ್ನು 50 ಮೀಟರ್ ಒಯ್ಯಬಲ್ಲದು, ತಿಳಿನೀಲಿ ಓಎಂ3 150 ಮೀಟರ್. ಇಲ್ಲಿದ್ದದ್ದು ಕಿತ್ತಳೆ, ಉದ್ದ ಐದು ಮೀಟರ್, ಆ ಚಿಂತೆ ಇರಲಿಲ್ಲ. ಒಂದು ಕೊಂಡಿಯ ವೇಗ ಎಂದರೆ ಕಾರ್ಡಿನ ಎಸ್‌ಎಫ್‌ಪಿ ಮತ್ತು ಸ್ವಿಚ್ಚಿನ ಎಸ್‌ಎಫ್‌ಪಿ ಎರಡಕ್ಕೂ ಒಪ್ಪಿಗೆಯಾದ ವೇಗ. ಸ್ವಿಚ್ಚಿನ ಹಣೆಯ ಮೇಲೆ ಬರೆದಿರುವುದು ಅದರ ಗರಿಷ್ಠ ಮಿತಿ, ಅಷ್ಟೇ.

ಭಾನುವಾರ ಮಧ್ಯಾಹ್ನ 8 ಜಿ ಎಸ್‌ಎಫ್‌ಪಿ ಎಲ್ಲಿ ಸಿಗುತ್ತದೆ? ಎರಡೂ ಸ್ವಿಚ್ಚಿನ 16ರ ನಂತರದ ಪೋರ್ಟುಗಳಿಗೆ ಲೈಸೆನ್ಸ್ ಇರಲಿಲ್ಲ. ಈ ಬಗೆಯ ಸ್ವಿಚ್‌ಗಳಲ್ಲಿ 24 ಗೂಡಿದ್ದರೂ ಕೊಂಡಷ್ಟು ಪೋರ್ಟು ಮಾತ್ರ ಕೆಲಸ ಮಾಡುತ್ತವೆ. ಆ ನಿರುಪಯೋಗಿ ಗೂಡುಗಳಲ್ಲಿ ಯಾರೋ ಪುಣ್ಯಾತ್ಮರು ಒಂದೊಂದು 8 ಜಿ ಎಸ್‌ಎಫ್‌ಪಿ ಸಿಕ್ಕಿಸಿಟ್ಟಿದ್ದರು. ವಿಡಿಯೊ ಕರೆಯಲ್ಲಿ ಹಿಡಿಕೆಯ ಬಣ್ಣ ಕಪ್ಪು, ಅಂದರೆ ಶಾರ್ಟ್‌ವೇವ್, ಎಂದು ಖಚಿತಪಡಿಸಿಕೊಂಡು, ಅವನ್ನು ತೆಗೆದು ಪೋರ್ಟ್ 4ಕ್ಕೆ ಹಾಕಿಸಿದೆ. ಎರಡೂ ಕಡೆ ಹಸಿರು ದೀಪ ಹತ್ತಿತು. ಪಟ್ಟಿಯಲ್ಲಿ "ಎಫ್ ಪೋರ್ಟ್" ಎಂದು ಬಂತು. ಸರ್ವರು ಅಥವಾ ಸ್ಟೋರೇಜಿನ ತುದಿ ಎನ್ ಪೋರ್ಟ್, ಅದು ಬಂದು ಸೇರುವ ಸ್ವಿಚ್ಚಿನ ಬಾಗಿಲು ಎಫ್ ಪೋರ್ಟ್, ಸ್ವಿಚ್ಚಿಗೆ ಸ್ವಿಚ್ ಜೋಡಿಸಿದರೆ ಇ ಪೋರ್ಟ್. ಎಫ್ ಎಂದು ಕಂಡರೆ ಸರ್ವರು ಒಳಗೆ ಬಂದು ಹಾಜರಿ ಹಾಕಿದೆ ಎಂದರ್ಥ.

ಹಾಜರಿ ಬಿತ್ತು, ಡಿಸ್ಕ್ ಬರಲಿಲ್ಲ.

20 ಮತ್ತು 21

ಫೈಬರ್ ಚಾನೆಲ್ ಜಾಲದಲ್ಲಿ ಪ್ರತಿ ಪೋರ್ಟಿಗೂ ಕಾರ್ಖಾನೆಯಲ್ಲೇ ಕೊಟ್ಟ 64 ಬಿಟ್ಟಿನ ಹೆಸರೊಂದಿರುತ್ತದೆ. ಹದಿನಾರು ಅಕ್ಷರಾಂಕಿಗಳ ಆ ಸಾಲಿಗೆ ಡಬ್ಲ್ಯುಡಬ್ಲ್ಯುಎನ್ ಎನ್ನುತ್ತಾರೆ, ವರ್ಲ್ಡ್ ವೈಡ್ ನೇಮ್. ಜಾಲಕ್ಕೆ ಸೇರಿದಾಗ ಸ್ವಿಚ್ಚು 24 ಬಿಟ್ಟಿನ ಇನ್ನೊಂದು ವಿಳಾಸ ಕೊಡುತ್ತದೆ, ಅದು ಬಸ್ಸಿನ ಸೀಟ್ ನಂಬರಿನಂತೆ. ಕೇಬಲ್ಲನ್ನು ಬೇರೆ ಪೋರ್ಟಿಗೆ ಹಾಕಿದರೆ ಬದಲಾಗುತ್ತದೆ. ಡಬ್ಲ್ಯುಡಬ್ಲ್ಯುಎನ್ ಬದಲಾಗದು. ಆದರೆ ಅದು ಕಾರ್ಡಿನೊಂದಿಗೆ ಬರುತ್ತದೆ, ಸರ್ವರಿನೊಂದಿಗಲ್ಲ. ಕಾರ್ಡು ಬದಲಾದರೆ ಜಾಲದ ಕಣ್ಣಿಗೆ ಸರ್ವರು ಹೊಸಬ.

ಹೊಸಬನನ್ನು ಎರಡು ಕಡೆ ಪರಿಚಯಿಸಬೇಕು. ದಾವಣಗೆರೆಯವರಿಗೆ ಎಪಿಎಂಸಿ ಯಾರ್ಡು ಗೊತ್ತು. ಗೇಟಿನಲ್ಲಿ ಲಾರಿಯನ್ನು ಒಳಗೆ ಬಿಡುವವನು ಒಬ್ಬ, ಗೋದಾಮಿನ ಬೀಗದ ಕೈ ಇಟ್ಟುಕೊಂಡವನು ಇನ್ನೊಬ್ಬ. ಗೇಟಿನವನು ಬಿಟ್ಟ ಮಾತ್ರಕ್ಕೆ ಮಾಲು ಸಿಗುವುದಿಲ್ಲ, ಗೋದಾಮಿನವನ ಪುಸ್ತಕದಲ್ಲೂ ಹೆಸರಿರಬೇಕು. ಸ್ವಿಚ್ಚಿನಲ್ಲಿ ಮಾಡುವ ಜೋನಿಂಗ್ ಗೇಟಿನ ಕೆಲಸ: ಯಾವ ಸರ್ವರ್ ಪೋರ್ಟು ಯಾವ ಸ್ಟೋರೇಜ್ ಪೋರ್ಟಿನ ಜತೆ ಮಾತಾಡಬಹುದು ಎಂದು ಅದು ಹೇಳುತ್ತದೆ. ಸ್ಟೋರೇಜಿನಲ್ಲಿ ಮಾಡುವ ಲನ್ ಮಾಸ್ಕಿಂಗ್ ಗೋದಾಮಿನ ಪುಸ್ತಕ: ಬಂದವನಿಗೆ ಯಾವ ಲನ್ ಕೊಡಬೇಕು ಎಂದು ಅದು ಹೇಳುತ್ತದೆ.

ದೀಪ ಹತ್ತುವ ಮೊದಲೇ, ಹೊತ್ತು ಉಳಿಸಲೆಂದು ನಾನು ಹುಡುಗನಿಂದ ಫೋನಿನಲ್ಲಿ ಹೆಸರು ಬರೆಸಿಕೊಂಡಿದ್ದೆ. "ಡಬ್ಲ್ಯುಡಬ್ಲ್ಯುಎನ್ ಓದಿ" ಎಂದಿದ್ದೆ. ಅವನು ಲಿನಕ್ಸಿನಲ್ಲಿ ಆ ಕಾರ್ಡಿನ ಕಡತಕೋಶ ತೆರೆದು ಒಂದು ಸಾಲು ಓದಿದ. ಅಲ್ಲಿ ಎರಡು ಹೆಸರು ಇರುತ್ತವೆ, ನೋಡ್ ನೇಮ್ ಮತ್ತು ಪೋರ್ಟ್ ನೇಮ್. ಎರಡೂ ಡಬ್ಲ್ಯುಡಬ್ಲ್ಯುಎನ್ನೇ. ಅಕ್ಷರಮಾಲೆಯ ಸಾಲಿನಲ್ಲಿ ನೋಡ್ ಮೊದಲು ಬರುತ್ತದೆ, ಅವನು ಅದನ್ನೇ ಓದಿದ. ಕ್ಯೂಲಾಜಿಕ್ ಕಾರ್ಡಿನಲ್ಲಿ ನೋಡ್ ಹೆಸರು 20:00 ಎಂದು ಶುರುವಾದರೆ ಪೋರ್ಟ್ ಹೆಸರು 21:00 ಎಂದು ಶುರುವಾಗುತ್ತದೆ, ಉಳಿದ ಸಾಲು ನೋಡಲು ಒಂದೇ. ಹದಿನಾರರಲ್ಲಿ ಒಂದು ಅಂಕಿ. ಫೋನಿನಲ್ಲಿ ಕೇಳಿ ಬರೆದುಕೊಳ್ಳುವವನಿಗೆ ಅನುಮಾನ ಬರಲು ಕಾರಣವೇ ಇಲ್ಲ.

ನೋಡ್ ಹೆಸರು ಮನೆತನದ ಹೆಸರಿನಂತೆ, ಆ ಸಾಧನಕ್ಕೆ ಸೇರಿದ್ದು. ಪೋರ್ಟ್ ಹೆಸರು ಒಂದೊಂದು ಬಾಗಿಲಿನದು. ಜೋನಿಂಗಿಗೂ ಮಾಸ್ಕಿಂಗಿಗೂ ಬೇಕಾದದ್ದು ಬಾಗಿಲಿನ ಹೆಸರು, ಅಂದರೆ ಡಬ್ಲ್ಯುಡಬ್ಲ್ಯುಪಿಎನ್. ಆದರೆ ಕೆಲವು ಸ್ವಿಚ್ಚುಗಳು ಜೋನಿನಲ್ಲಿ ನೋಡ್ ಹೆಸರನ್ನು ಬರೆದರೂ ಒಪ್ಪಿ ದಾರಿ ಬಿಡುತ್ತವೆ. ಇದೂ ಅಂಥದ್ದೇ. ಗೇಟು ತೆರೆಯಿತು. ಗೇಟು ತೆರೆದದ್ದರಿಂದಲೇ ಹೆಸರು ಸರಿ ಇದೆ ಎಂದು ನಾನು ಗಟ್ಟಿಯಾಗಿ ನಂಬಿಬಿಟ್ಟೆ. ಡ್ರೈವರ್ ಮೇಲೆ ಅನುಮಾನ ಪಟ್ಟೆ, ಸರ್ವರನ್ನು ಎರಡು ಸಲ ರೀಬೂಟ್ ಮಾಡಿಸಿದೆ, ಲನ್ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಿದೆ. ಮಧ್ಯಾಹ್ನದ ಒಂದೂವರೆ ಗಂಟೆ ಹೀಗೆ ಹೋಯಿತು. ಈ ಪ್ರಕರಣದಲ್ಲಿ ನನಗೆ ಇಂದಿಗೂ ಹೆಚ್ಚು ನೋವು ಕೊಡುವುದು ಈ ಒಂದೂವರೆ ಗಂಟೆ. ದೀಪ ಹತ್ತಿದ ಮೇಲೆ ಸ್ವಿಚ್ಚೇ ಸರಿಯಾದ ಪೋರ್ಟ್ ಹೆಸರನ್ನು ತನ್ನ ಪಟ್ಟಿಯಲ್ಲಿ ತೋರಿಸುತ್ತಿತ್ತು. ನಾನು ಬರೆದುಕೊಂಡಿದ್ದ ಚೀಟಿಯನ್ನು ಅದರೊಂದಿಗೆ ತಾಳೆ ನೋಡಲಿಲ್ಲ.

ಕೊನೆಗೆ ಸುಳಿವು ಸಿಕ್ಕಿದ್ದು ಸ್ಟೋರೇಜಿನ ಪರದೆಯಲ್ಲಿ. ನಾನು ನೋಂದಾಯಿಸಿದ್ದ ಹೆಸರಿನ ಎದುರು "ಆಫ್‌ಲೈನ್" ಎಂದಿತ್ತು. ಅದರ ಕೆಳಗೆ, ನೋಂದಾಯಿಸದ ಇನಿಶಿಯೇಟರ್‌ಗಳ ಪಟ್ಟಿಯಲ್ಲಿ ಒಂದು ಹೆಸರು ಕಾಯುತ್ತಾ ಕೂತಿತ್ತು. ಇನಿಶಿಯೇಟರ್ ಎಂದರೆ ಕೇಳುವವನು, ಇಲ್ಲಿ ಸರ್ವರ್ ಪೋರ್ಟು. ಟಾರ್ಗೆಟ್ ಎಂದರೆ ಕೊಡುವವನು, ಸ್ಟೋರೇಜ್ ಪೋರ್ಟು. ಎರಡು ಸಾಲನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. 20, 21.

"ಪೋರ್ಟ್ ನೇಮ್ ಅಂತ ಇರೋದನ್ನ ಓದಿ" ಎಂದೆ.

ಅವನು ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನಾನು ಮೇಲಿಂದು ಓದಿದ್ದೆ" ಅಂದ. ಯಾವುದನ್ನು ಓದಬೇಕೆಂದು ನಾನು ಹೇಳಿರಲಿಲ್ಲ ಎಂದು ಅವನಿಗೆ ಆಗಲೇ ಹೇಳಿದೆ.

ಎರಡೂ ಕಡೆ ತಿದ್ದಿದ ಕೂಡಲೇ ಲನ್‌ಗಳು ಬಂದವು. ಆದರೆ ಪ್ರತಿ ಲನ್ನಿಗೆ ಎರಡೇ ದಾರಿ. ಬರಬೇಕಾದದ್ದು ನಾಲ್ಕು: ಎಡ ಫ್ಯಾಬ್ರಿಕ್ ಮೂಲಕ ಎರಡು ಸ್ಟೋರೇಜ್ ಕಂಟ್ರೋಲರಿಗೆ ಒಂದೊಂದು, ಬಲದಿಂದಲೂ ಹಾಗೆಯೇ. ಬಲ ಸ್ವಿಚ್ಚಿನಲ್ಲಿ ಹೊಸ ಜೋನನ್ನು ಉಳಿಸಿದ್ದೆ, ಜಾರಿಗೆ ತಂದಿರಲಿಲ್ಲ. ಉಳಿಸುವುದು ಬೇರೆ, ಸಕ್ರಿಯಗೊಳಿಸುವುದು ಬೇರೆ. ಅದನ್ನೂ ಮಾಡಿದ ಮೇಲೆ ಮಲ್ಟಿಪಾತ್ ಪಟ್ಟಿಯಲ್ಲಿ ನಾಲ್ಕು ಸಾಲು ಕಂಡವು. ಒಂದೇ ಲನ್ ನಾಲ್ಕು ದಾರಿಯಿಂದ ನಾಲ್ಕು ಡಿಸ್ಕಾಗಿ ಕಾಣುವುದನ್ನು ಒಂದೇ ಎಂದು ಗುರುತಿಸಿ, ಒಂದು ದಾರಿ ಮುರಿದರೆ ಇನ್ನೊಂದಕ್ಕೆ ಹೊರಳಿಸುವ ತಂತ್ರಾಂಶ ಮಲ್ಟಿಪಾತ್. ಐದಕ್ಕೆ ಹತ್ತು ನಿಮಿಷ ಇರುವಾಗ ಡೇಟಾಬೇಸ್ ಎದ್ದಿತು. ಸೋಮವಾರ ಕೌಂಟರ್ ಹೊತ್ತಿಗೆ ಸರಿಯಾಗಿ ತೆರೆಯಿತು.

ಮುಂದಿನ ತಿಂಗಳು

ವ್ಯವಸ್ಥಾಪಕಿ ಹಳೆಯ ಹಸ್ತಾಂತರದ ವರದಿ ಹುಡುಕಿ ತೆಗೆದರು. ಅದರಲ್ಲಿ ಒಂದು ಸಾಲು: "ಒಂದು ಕೇಬಲ್ ತೆಗೆದು ಪರೀಕ್ಷಿಸಲಾಗಿದೆ, ಡೇಟಾಬೇಸ್ ನಿಲ್ಲಲಿಲ್ಲ, ತೇರ್ಗಡೆ." ಪರೀಕ್ಷೆ ಪ್ರಾಮಾಣಿಕವಾಗಿಯೇ ನಡೆದಿತ್ತು. ಎರಡು ಪೋರ್ಟಿನ ಒಂದು ಕಾರ್ಡಿನಲ್ಲಿ ಒಂದು ಕೇಬಲ್ ತೆಗೆದರೆ ನಾಲ್ಕು ದಾರಿಯಲ್ಲಿ ಎರಡು ಉಳಿಯುತ್ತವೆ. ಎರಡು ಕಾರ್ಡಿದ್ದರೂ ಅಷ್ಟೇ ಉಳಿಯುತ್ತವೆ. ಆ ಪರೀಕ್ಷೆಗೆ ಕಾರ್ಡು ಒಂದೋ ಎರಡೋ ಎಂಬುದು ಕಾಣುವುದೇ ಇಲ್ಲ. ಕೇಬಲ್ ಹೋದರೆ ಏನಾಗುತ್ತದೆ ಎಂದು ಅವರು ನೋಡಿದ್ದರು, ಕಾರ್ಡು ಹೋದರೆ ಏನಾಗುತ್ತದೆ ಎಂದು ಯಾರೂ ನೋಡಿರಲಿಲ್ಲ.

ಎರಡನೆಯ ಎಫ್‌ಸಿ ಕಾರ್ಡು ತರಿಸಿ ಬೇರೆ ಸ್ಲಾಟಿಗೆ ಹಾಕಿಸಿದೆವು. ಮೊದಲ ಕಾರ್ಡಿನ ಪೋರ್ಟ್ 0 ಎಡ ಸ್ವಿಚ್ಚಿಗೆ, ಎರಡನೆಯ ಕಾರ್ಡಿನ ಪೋರ್ಟ್ 0 ಬಲ ಸ್ವಿಚ್ಚಿಗೆ. ಉಳಿದ ಎರಡು ಪೋರ್ಟಿಗೆ ಧೂಳಿನ ಮುಚ್ಚಳ ಹಾಕಿ ಖಾಲಿ ಬಿಟ್ಟೆವು. ನಾಲ್ಕೂ ಪೋರ್ಟು ಬಳಸಿ ಎಂಟು ದಾರಿ ಮಾಡಬಹುದಿತ್ತು. ಅವರ ಕೆಲಸಕ್ಕೆ ಬೇಕಿರಲಿಲ್ಲ, ರಾತ್ರಿ ಹೊತ್ತು ಕೆಟ್ಟಾಗ ಎಂಟು ಸಾಲು ಓದುವುದಕ್ಕಿಂತ ನಾಲ್ಕು ಓದುವುದು ಸುಲಭ. ಸ್ವಿಚ್ಚಿನಲ್ಲಿದ್ದ ಎಚ್‌ಬಿಎ1, ಎಚ್‌ಬಿಎ2 ಎಂಬ ಹೆಸರುಗಳನ್ನು ಅಳಿಸಿ "ಡಿಬಿ ಸರ್ವರ್ ಕಾರ್ಡ್1 ಪೋರ್ಟ್0", "ಡಿಬಿ ಸರ್ವರ್ ಕಾರ್ಡ್2 ಪೋರ್ಟ್0" ಎಂದು ಇಟ್ಟೆವು. ರ‍್ಯಾಕಿನ ಬಾಗಿಲಿನ ಒಳಬದಿಯಲ್ಲಿ ಹುಡುಗ ಕನ್ನಡದಲ್ಲೇ ಬರೆದ ಒಂದು ಹಾಳೆ ಅಂಟಿಸಿದ್ದಾನೆ: ಪ್ರತಿ ಕಾರ್ಡಿನ ಪಿಸಿಐ ವಿಳಾಸ, ಪ್ರತಿ ಪೋರ್ಟಿನ ಪೋರ್ಟ್ ನೇಮ್, ಆ ಕಡೆಯ ಎಸ್‌ಎಫ್‌ಪಿಯ ವೇಗ, ಈ ಕಡೆಯ ಎಸ್‌ಎಫ್‌ಪಿಯ ವೇಗ. ನೋಡ್ ನೇಮನ್ನು ಅವನು ಬರೆದೇ ಇಲ್ಲ. ಬೇಕಿಲ್ಲದ್ದು ಕಣ್ಣೆದುರು ಇರಬಾರದು ಎಂದ. ಅವನ ಮಾತನ್ನು ಒಪ್ಪಿದೆ.

ಒಂದು ಭಾನುವಾರ, ಡೇಟಾಬೇಸಿನ ಮೇಲೆ ಕೃತಕ ಹೊರೆ ಹಾಕಿ, ಈ ಸಲ ಕೇಬಲ್ ಮುಟ್ಟದೆ ಪರೀಕ್ಷೆ ಮಾಡಿದೆವು. ಲಿನಕ್ಸಿನಿಂದಲೇ 05:00ರ ಎರಡೂ ಪೋರ್ಟನ್ನು ಪಿಸಿಐ ಪಟ್ಟಿಯಿಂದ ತೆಗೆದುಹಾಕುವಂತೆ ಹೇಳಿದೆ, ಕಾರ್ಡೇ ಸತ್ತಂತೆ ಆಗಲಿ ಎಂದು. ಫೋನಿನ ಆ ಕಡೆ ಕೀಲಿ ಒತ್ತಿದ ಸದ್ದು ಕೇಳಿತು.

"05:00 ಪೂರ್ತಿ ಹೋತು ಸರ್. 08:00 ಮ್ಯಾಲೆ ಎರಡು ದಾರಿ ಅದಾವೆ. ಡೇಟಾಬೇಸ್ ನಡೀತೈತೆ."

ಹತ್ತು ನಿಮಿಷ ಹಾಗೇ ಬಿಟ್ಟು, ಮೊದಲ ಕಾರ್ಡನ್ನು ವಾಪಸ್ ತಂದು, ನಾಲ್ಕು ದಾರಿಯೂ ಕಂಡ ಮೇಲೆ 08:00 ತೆಗೆಯಲು ಹೇಳಿದೆ.